ಭಾವನ ಸಿಗಾರಿಗೆ ಭಾವಪೂರ್ಣ ಶ್ರದ್ಧಾಂಜಲಿ

ಗೆಳೆಯರೇ, ದಯವಿಟ್ಟು ಎದ್ದು ನಿಂತು ಓದಿ. ನಮ್ಮ ಭಾವ ಫಾರಿನ್ನಿನಿಂದ ತರಿಸಿದ್ದ ಒಂದೇ ಒಂದು ಸಿಗಾರ್ ಇಂದು ಬೆಳಿಗ್ಗೆ ದೊಡ್ಡಆಲಹಳ್ಳಿಯ ನಮ್ಮ ಜಗಲಿಯ ಮೇಲೆ ತೀರಿಕೊಂಡಿತು. ರಮ್‌ಗೂ ಸಿಗಾರಿಗೂ ಜೋಡಿ ಹೇಗೆ ಕೂಡಿಸಬೇಕೆಂದು ಸಂಜೆ ತೋರಿಸಲು ಅವರು ಸ್ನೇಹಿತರನ್ನೆಲ್ಲ ಕರೆದಿದ್ದರು.

ಬೀರುವಿನಿಂದ ಅದನ್ನೆತ್ತಿ ತಂದ ಅಜ್ಜಿ, "ಇದೇನ್ಲಾ?" ಅಂದಳು. ನಾನು ಸತ್ಯವನ್ನೇ ನುಡಿದೆ: "ಫಾರಿನ್ ಹೊಗೆಸೊಪ್ಪು ಕಣಜ್ಜಿ."

ಭಾವ ಸ್ನಾನ ಮುಗಿಸಿ ಬರುವಷ್ಟರಲ್ಲಿ ಅಜ್ಜಿ ಅದನ್ನು ಪುಡಿಮಾಡಿ, ಎಲೆ ಅಡಿಕೆಯ ಜೊತೆ ಬಾಯಿಗೆ ಹಾಕಿಕೊಂಡಾಗಿತ್ತು.

"ಅಯ್ಯೋ ಅಜ್ಜಿ, ಅದು ರಮ್ ಜೊತೆ ಸೇದೋದು," ಅಂದರು ಭಾವ.

"ಬೀರುನಾಗಿದ್ದ ಬಾಟ್ಲೀನಾ? ಅದುನ್ನ ಮಂಡಿಗೆ ತಿಕ್ಕೊಂಡೆ ಕಣಪ್ಪ. ನೋವು ಒಸಿ ವಾಸಿ. ಸೊಪ್ಪು ಮಾತ್ರ ಸಪ್ಪೆ."

ಸಂಜೆಯ ಕಾರ್ಯಕ್ರಮ ರದ್ದಾಗಿಲ್ಲ. ಜೋಡಿಯ ಘಮ ಬೇಕಾದವರು ಬಂದು ಅಜ್ಜಿಯ ಪಕ್ಕ ಕೂರಬಹುದು.