ಕುಡುಗೋಲು ಕಾಯ್ತೈತಿ

ನನಗೆ ಆಗ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಆದವಾನಿಯಲ್ಲಿ ಹೆರಿಗೆ ಮಾಡಿಸುವುದನ್ನು ಕಲಿತು, ಆಸ್ಪರಿ ಕಡೆಯ ಹಳ್ಳಿಗಳಿಗೆ ನರ್ಸಮ್ಮನಾಗಿ ಬಂದಿದ್ದೆ. ನಮ್ಮ ಸೀಮೆ ಬಳ್ಳಾರಿ ಜಿಲ್ಲೆ ಬಿಟ್ಟು ಕರ್ನೂಲಿಗೆ ಸೇರಿದ ಹೊಸತು. ಜಿಲ್ಲೆ ಬದಲಾದರೇನು, ಹೆರಿಗೆಯ ಕೋಣೆ ಹಾಗೇ ಇತ್ತು. ಹೊಕ್ಕುಳಬಳ್ಳಿ ಕೊಯ್ಯಲು ಹೊಲದಿಂದ ಬಂದ ಕುಡುಗೋಲು, ಕೊಯ್ದ ಮೇಲೆ ಒಲೆಯ ಬೂದಿ. ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ರೈತರ ಮನೆಯ ಸೊಸೆ ನನ್ನ ಓರಗೆಯವಳು. ಅವಳು ಹೆತ್ತ ಎರಡು ಕೂಸುಗಳೂ ವಾರ ತುಂಬುವಷ್ಟರಲ್ಲಿ ದವಡೆ ಕಚ್ಚಿಕೊಂಡು, ಮೊಲೆ ಹಿಡಿಯಲಾರದೆ, ಸೆಟೆದು ಹೋಗಿದ್ದವು. ಊರಿಗೆ ಊರೇ ಗಾಳಿ ಸೋಕಿತು ಅಂದಿತು. ಗಾಳಿಯಲ್ಲ, ಧನುರ್ವಾಯು, ಕುಡುಗೋಲಿನ ಕೊಳೆ ಹೊಕ್ಕುಳಿಗೆ ಹತ್ತಿದ್ದು ಎಂದು ನಾನು ಬಾಯಿ ಬಡಕೊಂಡೆ. ಯಾರು ಕೇಳಬೇಕು! ಮೂರನೆಯದು ಹೊಟ್ಟೆಯಲ್ಲಿದ್ದಾಗ ಅವಳೇ ನನ್ನ ಹತ್ತಿರ ಬಂದಳು.

"ನರ್ಸಮ್ಮಾ, ಇದೊಂದು ಉಳಿಸಿಕೊಡ್ರಿ. ಇದೂ ಹೋದ್ರ ನನ್ನ ತವರಿಗೆ ಕಳಸ್ತಾರ. ನನ್ನ ಗಂಡಗ ಬ್ಯಾರೆ ಹೆಣ್ಣು ನೋಡ್ಯಾರ."

"ಹೋಗಾಕ ನಾನು ಬಿಟ್ರೆ ತಾನೇ!" ಎಂದೆ. ಅವತ್ತೇ ಅವಳ ಅತ್ತೆಯ ಹತ್ತಿರ ಹೋದೆ.

ಅತ್ತೆ ಕೆಟ್ಟವಳಲ್ಲ. ಸತ್ತ ಕೂಸುಗಳಿಗಾಗಿ ಸೊಸೆಯಷ್ಟೇ ಅತ್ತವಳು. ಆದರೆ ನನ್ನ ಕತ್ತರಿ ನೋಡಿದ್ದೇ ಮುಖ ತಿರುಗಿಸಿದಳು. "ಅದು ಹತ್ತೂರ ಮನಿ ಬಳ್ಳಿ ಕೊಯ್ದೈತಿ. ನಮ್ಮ ಕೂಸಿಗೆ ನಮ್ಮ ಮನಿ ಕಬ್ಬಿಣನ ಆಗ್ಬೇಕು."

"ಆತವ್ವಾ, ನಿಮ್ಮ ಕುಡುಗೋಲೇ ಇರ್ಲಿ. ಕತ್ತರಿ ಹೊರಗ ತಗಿಯಂಗಿಲ್ಲ, ಮಾತು ಕೊಟ್ಟೀನಿ. ಆದ್ರ ನೋವು ಸುರು ಆಗ್ತಿದ್ದಂಗ ಕುಡುಗೋಲು ಕಾಯಾಕ ಇಡ್ಬೇಕು."

"ಅದನ್ನ ಹೇಳ್ಬೇಕೇನ್ರಿ? ಇಟ್ಟೇ ಇಡ್ತೀವಿ!"

ಇಷ್ಟು ಸಲೀಸಾಗಿ ಒಪ್ಪಿದಳಲ್ಲ ಎಂದು ನಾನು ಹಿಗ್ಗಿಹೋದೆ.

ಸುಡು ಬಿಸಿಲಿನ ಹೊತ್ತಲ್ಲಿ ಕರೆ ಬಂತು. ಓಡಿಹೋದವಳೇ ಕೇಳಿದೆ, "ಅವ್ವಾ, ಕುಡುಗೋಲು?" "ಕಾಯ್ತೈತ್ರಿ," ಅಂದಳು ಅತ್ತೆ. ಒಲೆಯ ಮೇಲೆ ನೀರು ಕೊತಕೊತ ಕುದಿಯುತ್ತಿತ್ತು. ನಿಶ್ಚಿಂತೆಯಿಂದ ಕೈ ತೊಳೆದು ಕೂತೆ. ಹೆಣ್ಣುಕೂಸು ಹುಟ್ಟಿತು, ಚೆನ್ನಾಗಿ ಕಿರುಚಿತು. ಇನ್ನು ಬಳ್ಳಿ ಕೊಯ್ಯಬೇಕು. "ಕೊಡ್ರಿ ಕುಡುಗೋಲು" ಎಂದು ಕೈ ಚಾಚಿದರೆ, ಆ ಮಹಾತಾಯಿ ಬಾಣಂತಿಯ ತಲೆದಿಂಬಿನ ಅಡಿಗೆ ಕೈ ಹಾಕಿ ಅದನ್ನು ಎಳೆದಳು! ಕುಡುಗೋಲಿನ ಹಲ್ಲುಗಳಲ್ಲಿ ಹುಲ್ಲಿನ ಎಸಳು ಇನ್ನೂ ಸಿಕ್ಕಿಕೊಂಡಿತ್ತು.

"ಇದೇನ್ರಿ ಇದು! ಕಾಯ್ತೈತಿ ಅಂದ್ರಿ?"

"ಕಾಯ್ತೈತಲ್ಲ ಮತ್ತ! ಗಾಳಿ ಗೀಳಿ ಹತ್ರ ಬರದಂಗ ಮುಂಜಾನಿಂದ ಕಾಯ್ತೈತಿ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬಿಸಿಯಾಗುವುದಕ್ಕೂ ಕಾವಲಿರುವುದಕ್ಕೂ ನಮ್ಮಲ್ಲಿ ಒಂದೇ ಮಾತು, ಏನು ಮಾಡೋಣ! ಕತ್ತರಿ ಚೀಲದಲ್ಲೇ ಇತ್ತು. ತೆಗೆದರೆ ಕೊಟ್ಟ ಮಾತು ಮುರಿಯುತ್ತದೆ, ಮುಂದೆ ಆ ಓಣಿಯಲ್ಲಿ ಯಾವ ಬಾಣಂತಿಯ ಬಾಗಿಲೂ ನನಗೆ ತೆರೆಯುವುದಿಲ್ಲ. ಕುಡುಗೋಲಿಗೇ ಕೈ ಹಾಕಿದೆ. ಅವಳು ಹಿಡಿ ಬಿಡಲಿಲ್ಲ.

"ಅಯ್ಯೋ ದೇವುಡಾ! ನೀವು ಇದನ್ನ ಒಯ್ದ್ರ ಕೂಸಿನ್ನ ಕಾಯೋರ್ಯಾರು?"

"ಅಲ್ಲೀಮಟ ನಾನು ಕಾಯ್ತೀನಿ!" ಎಂದು ಕೂಗಿದೆ. "ನಿಮ್ಮ ಕುಡುಗೋಲು ಮೊದ್ಲು ಒಲಿ ಮ್ಯಾಗ ಕಾಯ್ಲಿ. ಆಮ್ಯಾಲ ಬೇಕಾದ್ರ ನೂರು ವರ್ಷ ಕೂಸಿನ್ನ ಕಾಯ್ಲಿ!"

ಅತ್ತೆಯ ಎದುರು ಒಂದು ದಿನವೂ ದನಿ ಎತ್ತದ ಸೊಸೆ, ಬೆವರಿನಲ್ಲಿ ತೊಯ್ದು ಮಲಗಿದ್ದವಳು, ತಲೆ ಎತ್ತಿದಳು. "ಅತ್ತೀ, ಬಿಡ್ರಿ ಅದನ್ನ!"

ಅತ್ತೆ ಬೆಚ್ಚಿ ಬಿಟ್ಟುಕೊಟ್ಟಳು. ಕೂಸನ್ನು ತಾಯಿಯ ಮೈಗೊತ್ತಿ ಬಟ್ಟೆ ಹೊದಿಸಿದೆ. ಕುಡುಗೋಲನ್ನು ಚೆನ್ನಾಗಿ ತಿಕ್ಕಿ, ತೊಳೆದು, ನೀರಿಗೆ ಹಾಕಿ, ದಾರದ ಜೊತೆಗೇ ಕುದಿಸಿದೆ. ಅವಸರ ಮಾಡಲಿಲ್ಲ. ಆರಿದ ಮೇಲೆ ಬಳ್ಳಿ ಕಟ್ಟಿ ಕೊಯ್ದೆ. ಬೂದಿ ಹಿಡಿದುಕೊಂಡು ಬಂದ ಅತ್ತೆಯನ್ನು ಕಣ್ಣಲ್ಲೇ ನಿಲ್ಲಿಸಿದೆ. ಅವಳು ಗೊಣಗುತ್ತ ಬೂದಿಯನ್ನು ಒಲೆಗೇ ಸುರಿದಳು.

ಆಮೇಲೆ ದಿನಾ ಹೋಗಿ ಹೊಕ್ಕುಳು ನೋಡಿ ಬರುತ್ತಿದ್ದೆ. ಒಣಗುತ್ತ ಬಂದಿತ್ತು. ಆದರೂ ವಾರ ತುಂಬುವ ದಿನ ಹೋದಾಗ ಮನೆಯಲ್ಲಿ ಪಿಟ್ಟೆನ್ನುವ ಸದ್ದಿಲ್ಲ. ಕೂಸು ಮುಂಜಾನೆಯಿಂದ ಮೊಲೆ ಹಿಡಿದಿಲ್ಲವಂತೆ. ಕಣ್ಣು ಮುಚ್ಚಿ ಮಲಗಿದೆ. ತಾಯಿ ಗೋಡೆಗೆ ಆತುಕೊಂಡು ನನ್ನ ಮುಖವನ್ನೇ ನೋಡುತ್ತಿದ್ದಳು. ಕೈ ತೊಳೆದು, ಕಿರುಬೆರಳನ್ನು ಕೂಸಿನ ತುಟಿಗೆ ಮುಟ್ಟಿಸಿದೆ. ಅಲುಗಲಿಲ್ಲ. ಇನ್ನೊಮ್ಮೆ ಮುಟ್ಟಿಸಿದೆ. ತಟ್ಟನೆ ಬಾಯಿ ತೆರೆದು ಬೆರಳನ್ನು ಹಿಡಿದು ಎಳೆದೂ ಎಳೆದೂ ಚೀಪಿತು. ಹಾಲು ಬಾರದ್ದಕ್ಕೆ ನನಗಿಂತ ಹೆಚ್ಚು ಸಿಟ್ಟು ಬಂತು ಅದಕ್ಕೆ. ಅಂಗುಳು ಕಾಣುವಷ್ಟು ಬಾಯಿ ಅಗಲಿಸಿ ಅಬ್ಬರಿಸಿತು.

ನನಗೆ ಅಲ್ಲೇ ಎದ್ದು ಕುಣಿಯಬೇಕೆನಿಸಿತು. ಅತ್ತೆ ಕೂಸನ್ನು ಎತ್ತಿಕೊಂಡು ಸಮಾಧಾನ ಮಾಡಲು ಓಡಿಬಂದಳು. ಸೊಸೆ ಕೈ ಅಡ್ಡ ಹಿಡಿದಳು. ಕಣ್ಣೀರು ಸುರಿಯುತ್ತಿದ್ದರೂ ನಗುತ್ತಿದ್ದಳು.

"ಚೂರು ತಡೀರಿ ಅತ್ತೀ. ಅಳ್ಲಿ ಆಕಿ. ಓಣಿಗೆಲ್ಲ ಕೇಳ್ಲಿ."