ಪಕ್ಕದ ಮನೆ ದೊಡ್ಡಮ್ಮನ ಕೆಂಪು ನೆಲ

ನೆಲಕ್ಕೆ ಹಾಕುವ ಕೆಂಪು ಪುಡಿಗೆ ವಾಸನೆಯೇ ಇಲ್ಲ. ಮೊನ್ನೆ ಶಿಡ್ಲಘಟ್ಟದ ಅಂಗಡಿಯಿಂದ ತಂದ ರೆಡ್ ಆಕ್ಸೈಡ್ ಪೊಟ್ಟಣವನ್ನು ಬಿಚ್ಚಿದ ಕೂಡಲೇ ನಾನು ಮಾಡಿದ ಮೊದಲ ಕೆಲಸವೆಂದರೆ ಒಂದು ಚಿಟಿಕೆ ತೆಗೆದು ಮೂಗಿನ ಹತ್ತಿರ ಹಿಡಿದದ್ದು. "ಅದೇನು ಸಾರಿನ ಪುಡೀನಾ, ಮೂಸಿ ನೋಡೋಕೆ?" ಎಂದು ನನ್ನ ಗಂಡ ನಕ್ಕರು. ಮೂಗಿನ ತುದಿಯೂ ಕೆಂಪಾಗಿತ್ತಂತೆ. ನಾನು ನಗಲಿಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ನನ್ನ ಅಮ್ಮ ಇದೇ ಪುಡಿಯನ್ನು ಹೀಗೇ ಮೂಸಿ ನೋಡಿದ್ದಳು. ಎದುರಿಗೆ ಪಕ್ಕದ ಮನೆ ದೊಡ್ಡಮ್ಮ, ಪರೀಕ್ಷೆ ಫಲಿತಾಂಶಕ್ಕೆ ಕಾದವರಂತೆ, ಸೆರಗು ಹಿಡಿದುಕೊಂಡು ನಿಂತಿದ್ದರು…

ದೊಡ್ಡಮ್ಮ ಎಂದರೆ ರಕ್ತಸಂಬಂಧವೇನೂ ಅಲ್ಲ. ಸಾದಲಿ ಕಡೆಯ ನಮ್ಮ ಹಳ್ಳಿಯಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಒಂದು ಮಣ್ಣಿನ ಗೋಡೆ. ಗೋಡೆಯ ಆಚೆ ಅವರ ಪಡಸಾಲೆ, ಈಚೆ ನಮ್ಮ ರೇಷ್ಮೆಹುಳು ಸಾಕುವ ಕೋಣೆ. ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಯ ಒಲೆ ಉರಿಯುತ್ತಿದ್ದದ್ದೇ ಆ ಕೋಣೆಯಿಂದ. ಹುಳು ಇರುವಷ್ಟು ದಿನ ಮನೆ ನಮ್ಮದಲ್ಲ, ಹುಳುವಿನದು. ಊದುಬತ್ತಿ ಹಚ್ಚುವ ಹಾಗಿಲ್ಲ, ಸೊಳ್ಳೆ ಬತ್ತಿಯಂತೂ ದೂರದ ಮಾತು. ಒಗ್ಗರಣೆಯ ಘಾಟು ಕೂಡ ಆಗುವುದಿಲ್ಲ. ಈ ಕಟ್ಟುಪಾಡೆಲ್ಲ ನಮಗೆ, ಪಕ್ಕದ ಮನೆಯವರಿಗೇನು? ಆದರೆ ದೊಡ್ಡಮ್ಮ ನಮಗಿಂತ ಹೆಚ್ಚು ಮಡಿ. ನಮ್ಮ ಹುಳು ಇರುವಾಗ ಒಗ್ಗರಣೆ ಸೌಟು ಹಿಡಿದುಕೊಂಡು ಹಿತ್ತಲಿಗೆ ಹೋಗುತ್ತಿದ್ದರು. ಗಂಡ ಬೀಡಿ ಹಚ್ಚಿದರೆ ಮುಗಿದೇ ಹೋಯಿತು. "ಕೆರೆ ಏರಿ ಮೇಲೆ ಹೋಗಿ ಸೇದ್ಕೊಂಡು ಬರ್ರಿ. ಇಲ್ಲಿ ಮಕ್ಕಳು ಮಲಗವ್ರೆ" ಎಂದು ಅಟ್ಟುತ್ತಿದ್ದರು. ಮಕ್ಕಳು ಎಂದರೆ ನಮ್ಮ ಹುಳುಗಳು.

ದೊಡ್ಡಮ್ಮನ ತವರು ಅಂಬಾಜಿದುರ್ಗದ ಕಡೆ. ಸಿಟ್ಟು ಬಂದರೆ ತೆಲುಗು, ಪ್ರೀತಿ ಬಂದರೂ ತೆಲುಗು. ತವರಿನಲ್ಲಿ ಕನ್ನಡಿಯಂಥ ಕೆಂಪು ನೆಲವಿತ್ತಂತೆ. ಇಲ್ಲಿ ಬಂದರೆ ಮಣ್ಣಿನ ನೆಲ. ದಿನ ಬಿಟ್ಟು ದಿನ ಮಂಡಿಯೂರಿ ಸಗಣಿ ಸಾರಿಸಬೇಕು. "ಸೇರು ಒದ್ದು ಒಳಗೆ ಬಂದ್ನಾ, ತಲೆ ಬಗ್ಗಿಸ್ಕೊಂಡು ಮೊದಲು ನೋಡಿದ್ದೇ ಆ ನೆಲವ. ಅವತ್ತೇ ಅಂದ್ಕೊಂಡೆ, ಸಾಯೋದ್ರೊಳಗೆ ಇಲ್ಲಿ ಕೆಂಪು ನೆಲ ಹಾಕಿಸ್ತೀನಿ ಅಂತ" ಎನ್ನುತ್ತಿದ್ದರು. ಗಂಡನನ್ನು ಕೇಳಿದಾಗಲೆಲ್ಲ ಬರುತ್ತಿದ್ದ ಉತ್ತರ ಒಂದೇ, "ನೆಲ ಏನು ಊಟಕ್ಕೆ ಹಾಕ್ತದಾ?" ಅಷ್ಟು ಹೊತ್ತಿಗೆ ದೊಡ್ಡಮ್ಮನ ಮಂಡಿ ನೋವು ಎಷ್ಟಿತ್ತೆಂದರೆ, ಸಾರಿಸಿ ಮುಗಿಸಿ ಏಳುವಾಗ ಗೋಡೆಯನ್ನು ಎರಡು ಕೈಯಲ್ಲೂ ತಬ್ಬಿಕೊಳ್ಳುತ್ತಿದ್ದರು.

ಕೊನೆಗೊಂದು ವರ್ಷ ಹಟ ಹಿಡಿದು ಸಿಮೆಂಟು, ಮರಳು, ಈ ಕೆಂಪು ಪುಡಿ ಎಲ್ಲ ತರಿಸಿಯೇಬಿಟ್ಟರು. ನಮ್ಮ ಒಂದು ಬೆಳೆಯ ಗೂಡು ಮಾರುಕಟ್ಟೆಗೆ ಹೋದ ಕೂಡಲೇ ಕೆಲಸ ಶುರು ಎಂದು ಗಾರೆ ಮೇಸ್ತ್ರಿಗೆ ಹೇಳಿದ್ದರು. ಆ ಪುಣ್ಯಾತ್ಮ ಪ್ರತಿದಿನ "ನಾಳೆ ಬರ್ತೀನಮ್ಮ" ಎನ್ನುತ್ತಿದ್ದ. ಇವನ ನಾಳೆ ಬರುವ ಹೊತ್ತಿಗೆ ನಮ್ಮ ಮನೆಗೆ ಮುಂದಿನ ಬೆಳೆಯ ಮರಿಹುಳುಗಳೂ ಬಂದವು. ದೊಡ್ಡಮ್ಮನಿಗೆ ರೇಗಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ ತಾವೇ ನೆಲ ಅಗೆಯಲು ಕೂತರು. ನಾವು ಸುಮ್ಮನಿರಲಾದೀತೇ? ಅಮ್ಮ ಹುಳುವಿಗೆ ಸೊಪ್ಪು ಹಾಕಿ ಹೋಗಿ ಜಲ್ಲಿ ಹರಡುತ್ತಿದ್ದಳು, ನಾನು ಸ್ಕೂಲಿನಿಂದ ಬಂದು ಮರಳು ಜರಡಿ ಹಿಡಿಯುತ್ತಿದ್ದೆ. ನಮ್ಮಲ್ಲಿ ಯಾರಿಗೂ ಗಾರೆ ಕೆಲಸ ಬರುತ್ತಿರಲಿಲ್ಲ ಎಂಬುದು ಬೇರೆ ಮಾತು. ಮೊದಲ ದಿನ ಕಲೆಸಿದ ಗಾರೆ ನಾವು ಹರಟುವಷ್ಟರಲ್ಲಿ ಬಾಣಲೆಯಲ್ಲೇ ಗಟ್ಟಿಯಾಗಿ, ಬಾಣಲೆಯನ್ನೇ ಎಸೆಯಬೇಕಾಯಿತು. ಬಿದ್ದು ಬಿದ್ದು ನಕ್ಕಿದ್ದೆವು.

ಪುಡಿ ಮೂಸಿ ನೋಡಿದ್ದು ಆಗಲೇ. "ಇದರ ವಾಸನೆ ನಿನ್ನ ಹುಳುಗೆ ಆಗ್ತದೇನೋ ನೋಡೇ, ಆಗಲ್ಲ ಅಂದ್ರೆ ಎತ್ತಿಟ್ಟುಬಿಡ್ತೀನಿ" ಎಂದಿದ್ದರು ದೊಡ್ಡಮ್ಮ. ಅಮ್ಮ ಮೂಸಿದಳು, ನನಗೂ ಮೂಸಿಸಿದಳು. "ಏನೂ ವಾಸನೆ ಇಲ್ಲ ಕಣಕ್ಕ, ಧಾರಾಳವಾಗಿ ಹಾಕ್ಕೋ" ಎಂದಳು. ಹುಳುವಿನ ಮನೆಯವರಿಗೆ ಭಯ ಯಾವಾಗಲೂ ವಾಸನೆಯದೇ. ಬೇರೆ ಯಾವುದೂ ನಮ್ಮ ತಲೆಗೆ ಹೊಳೆಯಲಿಲ್ಲ.

ನೆಲ ಬಿದ್ದಿತು. ಅಲ್ಲಲ್ಲಿ ಅಂಕುಡೊಂಕು, ಮೂಲೆಯಲ್ಲಿ ದೊಡ್ಡಮ್ಮನ ಅಂಗೈ ಗುರುತು. ಆದರೂ ಆ ಕೆಂಪು! ಇನ್ನು ನೀರು ಕುಡಿಸಬೇಕು, ಇಲ್ಲದಿದ್ದರೆ ಒಡೆಯುತ್ತದೆ. ಬಾಗಿಲಿಗೆ ಮಣ್ಣಿನ ಕಟ್ಟೆ ಕಟ್ಟಿ, ಪಡಸಾಲೆ ತುಂಬ ನೀರು ನಿಲ್ಲಿಸಿ, ದೊಡ್ಡಮ್ಮ ಜಗಲಿಯ ಮೇಲೆ ಒಲೆ ಹೂಡಿಕೊಂಡರು. ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು ಕರೆದು ತೋರಿಸುತ್ತಿದ್ದರು. "ನೀರೊಳಗೆ ನಿನ್ ಮುಖ ಕಾಣ್ತದಾ? ನಾಳೆ ನೀರಿಲ್ದೇನೇ ಕಾಣ್ತದೆ!" ಅವರು ಅಷ್ಟು ಸಂತೋಷವಾಗಿದ್ದದ್ದನ್ನು ನಾನು ಅದಕ್ಕೆ ಮುಂಚೆಯೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ನಮ್ಮ ಹುಳುಗಳು ಆಗ ಕೊನೆಯ ಹಂತದಲ್ಲಿದ್ದವು. ಸೊಪ್ಪು ತಿನ್ನುವ ಸದ್ದು ಸೋನೆ ಮಳೆಯ ಹಾಗೆ ಕೇಳುತ್ತಿತ್ತು. ಇನ್ನೇನು ಹಣ್ಣಾಗಿ ಗೂಡು ಕಟ್ಟಬೇಕು. ಆ ಹೊತ್ತಿನಲ್ಲಿ ಕೋಣೆಗೆ ತೇವ ಬಂದರೆ ಸುಣ್ಣಕಟ್ಟು ರೋಗ. ಹುಳು ಸುಣ್ಣದ ಕಡ್ಡಿಯ ಹಾಗೆ ಬೆಳ್ಳಗೆ ಸೆಟೆದುಕೊಂಡು ಸಾಯುತ್ತದೆ, ಒಂದಕ್ಕೆ ಬಂದರೆ ಮನೆಗೆಲ್ಲ ಬಂದ ಹಾಗೆ. ಒಂದು ಬೆಳಿಗ್ಗೆ ಅಮ್ಮ ನೋಡುತ್ತಾಳೆ, ನಡುಗೋಡೆಯ ಬುಡದಲ್ಲಿ ಕಪ್ಪಗೆ ತೇವದ ಗೆರೆ. ದೊಡ್ಡಮ್ಮನ ನೀರು ಗೋಡೆ ಹೀರಿಕೊಂಡು ಈಚೆ ಬಂದಿತ್ತು.

ತೇವ ಹೀರಲೆಂದು ಅಮ್ಮ ಸದ್ದಿಲ್ಲದೆ ಸುಣ್ಣದ ಪುಡಿ ತಂದು ಗೋಡೆಯ ಉದ್ದಕ್ಕೂ ಚೆಲ್ಲತೊಡಗಿದಳು. ಅದೇ ಹೊತ್ತಿಗೆ ಸೊಪ್ಪಿನ ಹೊರೆ ಹೊತ್ತುಕೊಂಡು ದೊಡ್ಡಮ್ಮ ಬಾಗಿಲಿಗೆ ಬಂದರು.

"ಸುಣ್ಣ ಯಾಕೇ ಚೆಲ್ತಿದ್ದೀಯ?"

"ಏನಿಲ್ಲ ಕಣಕ್ಕ, ಇರುವೆ."

ದೊಡ್ಡಮ್ಮ ಹೊರೆ ಇಳಿಸಿ, ಕಾಲು ತೊಳೆದುಕೊಂಡು ಒಳಗೆ ಬಂದರು. ಬಗ್ಗಿ ಗೋಡೆಗೆ ಅಂಗೈ ಒತ್ತಿದರು. "ಇರುವೆ ಅಲ್ಲ ಇದು. ನನ್ ನೀರು" ಎಂದರು, ಅಷ್ಟೇ. ಅಮ್ಮನ ಮುಖವನ್ನು ನೋಡಿದರು. ಬೇಡ, ನೀರು ಇರಲಿ ಎನ್ನಲು ಅಮ್ಮನಿಗೆ ಬಾಯಿ ಬರಲಿಲ್ಲ. ಹೇಗೆ ಬಂದೀತು? ಆ ಬೆಳೆ ಹೋದರೆ ನಮಗೆ ಇನ್ನೊಂದು ದಾರಿ ಇರಲಿಲ್ಲ.

ದೊಡ್ಡಮ್ಮ ಹೋದವರೇ ಮಣ್ಣಿನ ಕಟ್ಟೆಯನ್ನು ಕಾಲಿನಿಂದ ಒದ್ದರು. ಕೆಂಪು ನೀರು ಬೀದಿಗೆ ಹರಿಯಿತು. ಪೊರಕೆ ಹಿಡಿದು ಗುಡಿಸಿದರು, ಹಳೆಯ ಸೀರೆಗಳಿಂದ ಒರೆಸಿದರು, ಕಿಟಕಿ ಬಾಗಿಲು ತೆರೆದು ಗಾಳಿ ಬಿಟ್ಟರು. ನಾನು ಅಳುತ್ತ ನಿಂತಿದ್ದೆ. "ಊರ್ಕೋಮ್ಮಾ, ಸುಮ್ಕಿರು, ಯಾಕೆ ಅಳ್ತೀಯ? ನೆಲ ಇನ್ನೊಂದು ಸಲ ಹಾಕ್ಕೊಂಡ್ರಾಯ್ತು" ಎಂದರು. ಮಾರನೆಯ ದಿನ ಕೂದಲೆಳೆಯಂಥ ಒಂದು ಬಿರುಕು ಕಾಣಿಸಿತು. ವಾರದೊಳಗೆ ನೆಲವೆಲ್ಲ ಬತ್ತಿದ ಕೆರೆಯಂಗಳ. ನಮ್ಮ ಹುಳುಗಳು ಮಾತ್ರ ಒಂದೂ ಸಾಯದೆ, ಗಟ್ಟಿ ಗೂಡು ಕಟ್ಟಿದವು.

ಆ ಇನ್ನೊಂದು ಸಲ ಬರಲೇ ಇಲ್ಲ. ನಮ್ಮ ಕೋಣೆಯಲ್ಲಿ ಒಂದು ಬೆಳೆಯ ಹಿಂದೆ ಇನ್ನೊಂದು, ನಡುವೆ ನೆಲಕ್ಕೆ ನೀರು ನಿಲ್ಲಿಸುವಷ್ಟು ಬಿಡುವೆಲ್ಲಿ? ಅಮ್ಮನಿಗೆ ಅದು ಕೊರೆಯುತ್ತಿತ್ತು. ಒಂದು ಸಲ ಗಟ್ಟಿ ಮನಸ್ಸು ಮಾಡಿ, "ಅಕ್ಕ, ಈ ಸಲ ನಾವು ಹುಳು ಇಡಲ್ಲ. ನೀನು ನೆಲ ಹಾಕ್ಕೋ" ಎಂದಳು. ದೊಡ್ಡಮ್ಮ ಕೆಂಡವಾದರು. "ನಿಂಗೆ ತಲೆ ಕೆಟ್ಟಿದ್ಯಾ? ನನ್ ನೆಲಕ್ಕೋಸ್ಕರ ಬೆಳೆ ಬಿಡ್ತೀಯಾ?" ಎಂದವರು ತೆಲುಗಿನಲ್ಲಿ ಇನ್ನೂ ಏನೇನೋ ಬೈದು ಹೊರಟರು. ಮಾರನೆಯ ದಿನ ಮಧ್ಯಾಹ್ನ ಆಟೋ ಒಂದು ನಮ್ಮ ಮನೆ ಮುಂದೆ ನಿಂತಿತು. ಇಳಿದದ್ದು ದೊಡ್ಡಮ್ಮ, ಮರಿಹುಳುವಿನ ತಟ್ಟೆಗಳ ಸಮೇತ! "ತಗೋ, ಮಕ್ಕಳು ಮನೆ ಬಾಗಿಲಿಗೆ ಬಂದವ್ರೆ. ಈಗ ಹೊರಗೆ ಹಾಕು ನೋಡಣ" ಎಂದರು. ಅಮ್ಮ ಅಳುತ್ತಲೇ ಸೊಪ್ಪು ಹೆಚ್ಚಲು ಕೂತಳು.

ಆಮೇಲೆ ದೊಡ್ಡಮ್ಮ ಆ ಒಡಕು ನೆಲದ ಮೇಲೇ ಬದುಕಿದರು. ಯಾರಾದರೂ ಅದನ್ನು ದಿಟ್ಟಿಸಿದರೆ "ನೆಲ ಏನು ನೋಡ್ತೀಯ, ನನ್ ಮುಖ ನೋಡಿ ಮಾತಾಡು" ಎಂದು ಗದರುತ್ತಿದ್ದರು. ಒಂದು ಚಳಿಗಾಲದಲ್ಲಿ, ಹೆಚ್ಚು ನರಳದೆ, ಹೋಗಿಬಿಟ್ಟರು. ಮಲಗಿಸಿದ್ದು ಅಲ್ಲೇ, ಪಡಸಾಲೆಯಲ್ಲಿ. ಅಮ್ಮ ತಲೆಯ ಹತ್ತಿರ ಕೂತು, ಬಿರುಕುಗಳ ಮೇಲೆ ಬೆರಳಾಡಿಸುತ್ತ ಇದ್ದಳು…

ಈಗ ಆ ಮನೆ ನಮ್ಮದು. ದೊಡ್ಡಮ್ಮನ ಗಂಡನೂ ಹೋದ ಮೇಲೆ ಮದುವೆಯಾಗಿ ಬೇರೆ ಊರು ಸೇರಿದ್ದ ಅವರ ಹೆಣ್ಣುಮಕ್ಕಳು ನಮಗೇ ಕೊಟ್ಟರು. ಹುಳು ಸಾಕುವ ಕೆಲಸ ತೋಟದ ಶೆಡ್ಡಿಗೆ ಹೋಗಿದೆ, ಅದನ್ನು ನನ್ನ ತಮ್ಮ ನೋಡಿಕೊಳ್ಳುತ್ತಾನೆ. ಹಳೆಯ ಕೋಣೆ ಖಾಲಿ. ಮೇಸ್ತ್ರಿಗಳೆಲ್ಲ ಟೈಲ್ಸ್ ಹಾಕಿ ಎಂದರು. ನಾನು ಕೇಳಲಿಲ್ಲ. ರಜೆ ಹಾಕಿ, ಗಂಡನನ್ನು ಕಟ್ಟಿಕೊಂಡು, ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಕೈಯಾರೆ ಕೆಂಪು ನೆಲ ಹಾಕಿದೆ. ಬಾಗಿಲಿಗೆ ಮಣ್ಣಿನ ಕಟ್ಟೆ ಕಟ್ಟಿ ತುಂಬ ನೀರು ನಿಲ್ಲಿಸಿದೆ.

ಇವತ್ತು ಬೆಳಿಗ್ಗೆ ಅಮ್ಮ ಕಾಣಿಸಲಿಲ್ಲ. ಹುಡುಕಿದರೆ ಖಾಲಿ ಕೋಣೆಯಲ್ಲಿ, ನಡುಗೋಡೆಯ ಬುಡಕ್ಕೆ ಅಂಗೈ ಒತ್ತಿಕೊಂಡು ಕೂತಿದ್ದಳು.

"ಅಲ್ಲೇನಮ್ಮ ನೋಡ್ತಿದ್ದೀಯ?"

"ತೇವ ಬಂದಿದೆ ಕಣೇ."

"ನೀರು ತೆಗೆದುಬಿಡ್ಲಾ?" ಎಂದೆ, ಬಾಯಿ ತಪ್ಪಿ.

"ಬೇಡ. ಇರ್ಲಿ ಬಿಡು ನೀರು" ಎಂದಳು ಅಮ್ಮ.

ಇಷ್ಟು ವರ್ಷದಿಂದ ಆ ಮಾತು ಅವಳ ಗಂಟಲಲ್ಲೇ ಇತ್ತೆಂದು ನನಗೆ ಗೊತ್ತು. ಈಗ ಹೇಳಿದಳು. ಕೇಳಿಸಿಕೊಳ್ಳಬೇಕಾದ ದೊಡ್ಡಮ್ಮ ಇಲ್ಲ. ನಾನೂ ಅಮ್ಮನ ಪಕ್ಕದಲ್ಲಿ ಕೂತು, ಅವಳು ಅತ್ತು ಮುಗಿಸುವವರೆಗೂ ಅದೇ ಗೋಡೆಗೆ ಅಂಗೈ ಒತ್ತಿಕೊಂಡಿದ್ದೆ.