ಮುಷ್ಟಿಯೊಳಗಿನ ಕಬ್ಬಿಣ

ಫಿಟ್ಸ್ ಬಂದು ಹೋದಮೇಲೆ ಎಚ್ಚರವಾದಾಗಲೆಲ್ಲ ನನ್ನ ಮುಷ್ಟಿಯೊಳಗೆ ಕಬ್ಬಿಣ ಇರುತ್ತಿತ್ತು. ಮನೆಯಲ್ಲಾದರೆ ಅವ್ವನ ಬೀಗದ ಕೈ, ಬಸ್ಸಿನಲ್ಲಾದರೆ ಯಾರದೋ ಬೈಕಿನ ಕೀ, ಕೆಲಮಂಗಲದ ಸಂತೆಯಲ್ಲಿ ಒಮ್ಮೆ ಎಳನೀರಿನವನ ಮಚ್ಚು. ಪುಣ್ಯಾತ್ಮ, ಹಿಡಿಯ ಕಡೆಯಿಂದ ಕೊಟ್ಟಿದ್ದ. ಕಬ್ಬಿಣ ಹಿಡಿಸಿದರೆ ಫಿಟ್ಸ್ ನಿಲ್ಲುತ್ತದೆಂದು ನಮ್ಮ ಕಡೆ ನಂಬಿಕೆ. ಅದು ಸುಳ್ಳೆಂದು ಡಾಕ್ಟರು ಹೇಳಿ ಹೇಳಿ ಸೋತರು. ನನ್ನ ಸಂಕಟ ಬೇರೆ. ಕಬ್ಬಿಣ ಕೊಟ್ಟವರೆಲ್ಲ ಕೊಟ್ಟು ಹಿಂದೆ ಸರಿಯುತ್ತಿದ್ದರು. ನನ್ನ ಕೈ ಹಿಡಿದವರು ಯಾರೂ ಇಲ್ಲ.

ಅವಲಪಲ್ಲಿಯ ಆಚೆಗಿರುವ ಗುಲಾಬಿ ಶೆಡ್ಡಿನಲ್ಲಿ ಹೂವು ವಿಂಗಡಿಸುವುದು ನನ್ನ ಕೆಲಸ. ಜೊತೆಯ ಹೆಂಗಸರು ಕೆಟ್ಟವರಲ್ಲ. ಆದರೂ ಊಟಕ್ಕೆ ಕೂತರೆ ನನಗೂ ಅವರಿಗೂ ನಡುವೆ ಒಂದಾಳು ಜಾಗ ಖಾಲಿ ಇರುತ್ತಿತ್ತು.

ಮಾತ್ರೆಗಳು ಬದಲಾದವು, ಫಿಟ್ಸ್ ಬದಲಾಗಲಿಲ್ಲ. ಕೊನೆಗೆ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಹೊಸ ಚಿಕಿತ್ಸೆಯ ಮಾತು ಬಂತು. ತಲೆ ಕೊಯ್ಯುವುದಿಲ್ಲ. ಬಸುರಿಯರ ಸ್ಕ್ಯಾನಿಗೆ ಬಳಸುವಂಥ, ಕಿವಿಗೆ ಕೇಳಿಸದ ಶಬ್ದವನ್ನು ಹೊರಗಿನಿಂದಲೇ ಮಿದುಳಿನ ಒಂದು ಚುಕ್ಕೆಗೆ ಗುರಿಯಿಟ್ಟು ಬಿಡುತ್ತಾರೆ. ಫಿಟ್ಸ್ ಕೆರಳುವ ಜಾಗ ತಣ್ಣಗಾಗಬಹುದು. ಇನ್ನೂ ಪರೀಕ್ಷೆಯ ಹಂತ, ಖಾತ್ರಿಯಿಲ್ಲ ಎಂದರು ಡಾಕ್ಟರು. ನನಗೆ ಯಾವತ್ತು ಯಾರು ಖಾತ್ರಿ ಕೊಟ್ಟಿದ್ದರು? ಒಪ್ಪಿಕೊಂಡೆ. ಶಬ್ದಕ್ಕೆ ಕೂದಲು ಅಡ್ಡಿಯೆಂದು ತಲೆ ಬೋಳಿಸಿದರು.

ಚಿಕಿತ್ಸೆಯ ಕೋಣೆಯ ಯಂತ್ರವೇ ಒಂದು ದೊಡ್ಡ ಅಯಸ್ಕಾಂತ, ಒಳಗೆ ಗುಂಡುಪಿನ್ನೂ ಹೋಗಬಾರದು. ಬಾಗಿಲಲ್ಲಿ ತಪಾಸಣೆ ಮಾಡುವವನ ಕೈಯ ಯಂತ್ರ ನನ್ನ ಬೆನ್ನ ಹಿಂದೆ ಕುಯ್ ಎಂದಿತು. ಆಸ್ಪತ್ರೆಯ ನಿಲುವಂಗಿಯ ಲಾಡಿ ಕಟ್ಟುವಾಗ ಅವ್ವ ನನಗೂ ತಿಳಿಯದಂತೆ ಬೀಗದ ಕೈ ಸೇರಿಸಿ ಕಟ್ಟಿದ್ದಳು.

“ಒಳ್ಗೆ ಫಿಟ್ಸ್ ಬಂದ್ಬುಟ್ರೆ ಇವ್ಳ ಕೈಗೆ ಏನ್ ಕೊಡ್ತೀರಪ್ಪಾ?” ಎಂದು ಜಗಳಕ್ಕೇ ನಿಂತಳು. “ಕಬ್ಣ ಇಲ್ದೆ ನಾನು ಕಳ್ಸಾಕಿಲ್ಲ.”

“ಹಂಗಾದ್ರೆ ಇವತ್ತು ಆಗಲ್ಲಮ್ಮ, ಕರ್ಕೊಂಡೋಗಿ” ಎಂದ ಅವನು.

“ಬಿಚ್ಚವ್ವಾ ಅದ್ನ, ನಾನು ಹಂಗೇ ಹೋಯ್ತೀನಿ” ಎಂದು ಗದರಿದೆ. ಅವ್ವ ಗೊಣಗುತ್ತ ಗಂಟು ಬಿಚ್ಚಿ ಬೀಗದ ಕೈಯನ್ನು ತನ್ನ ಮುಷ್ಟಿಯಲ್ಲೇ ಹಿಡಿದುಕೊಂಡಳು.

ತಲೆಗೆ ಚೌಕಟ್ಟು ಬಿಗಿದು, ತಣ್ಣೀರು ತುಂಬಿದ ಟೋಪಿಯಂಥದನ್ನು ಹಾಕಿ ಕೊಳವೆಯೊಳಗೆ ತಳ್ಳಿದರು. ಮಿದುಳಿಗೆ ಬಿಟ್ಟ ಶಬ್ದ ಕೇಳಿಸಲಿಲ್ಲ, ಯಂತ್ರದ ಗಡಗಡ ಮಾತ್ರ. ತೊಂದರೆಯಾದರೆ ಹಿಸುಕು, ನಮಗೆ ತಿಳಿಯುತ್ತದೆ ಎಂದು ರಬ್ಬರಿನ ಚೆಂಡೊಂದನ್ನು ಕೈಗಿಟ್ಟಿದ್ದರು. ಯಾವುದು ತೊಂದರೆ? ಜೊತೆಗೆ ಯಾರೂ ಇಲ್ಲವೆಂದು ಹಿಸುಕಬಹುದೇ? ಕೇಳಲು ನಾಚಿಕೆಯಾಯಿತು. ಅಷ್ಟು ಒಂಟಿಯಾಗಿ ನಾನು ಎಂದೂ ಇರಲಿಲ್ಲ. ಕಣ್ಣೀರು ಕಿವಿಯ ಕಡೆಗೆ ಇಳಿದರೂ ಒರೆಸಿಕೊಳ್ಳುವಂತಿರಲಿಲ್ಲ.

ವಾಪಸು ಬರುವಾಗ ಹೊಸೂರಿನ ಬಸ್ಸಿನಲ್ಲಿ ಕಂಡಕ್ಟರು ನನ್ನ ತಲೆ ನೋಡಿ, “ತಿರುಪತಿ ಮೊಟ್ಟೈಯಾಮ್ಮಾ?” ಎಂದು ತಮಿಳಿನಲ್ಲಿ ಭಕ್ತಿಯಿಂದ ಕೇಳಿದ. ಹೌದು, ತಿರುಪತಿಯಲ್ಲಿ ಮುಡಿ ಕೊಟ್ಟೆ ಎಂದೆ. ಶೆಡ್ಡಿನಲ್ಲೂ ಅದನ್ನೇ ಹೇಳಿದಾಗ ಹೆಂಗಸರು ಲಾಡು ಎಲ್ಲಿ ಎಂದರು. ಅವರೆಲ್ಲ ಒಟ್ಟಿಗೆ ನನ್ನ ಹತ್ತಿರ ಬಂದದ್ದು ಅದೇ ಮೊದಲು. ಲಾಡು ಇಲ್ಲವೆಂದ ಮೇಲೆ ತಂತಮ್ಮ ಜಾಗಕ್ಕೆ ಹೋದರು.

ಆಮೇಲೆ ಫಿಟ್ಸ್ ಬಂದಿಲ್ಲ. ಇನ್ನು ಬರುವುದೇ ಇಲ್ಲವೆಂದು ಡಾಕ್ಟರೂ ಹೇಳಿಲ್ಲ, ಮಾತ್ರೆಯೂ ನಿಂತಿಲ್ಲ. ಕೂದಲು ಕಿವಿ ಮುಚ್ಚುವಷ್ಟು ಬೆಳೆದಿದೆ. ಊಟದ ಹೊತ್ತಿಗೆ ಪಕ್ಕದ ಜಾಗ ಹಾಗೇ ಖಾಲಿ ಇದೆ. ಒಂದು ನಿಜ ಹೇಳಬೇಕು: ಫಿಟ್ಸ್ ಬಂದಾಗಲಾದರೂ ಜನ ಓಡಿ ಬರುತ್ತಿದ್ದರು.

ಮೊನ್ನೆ ರಜೆಯ ಮಧ್ಯಾಹ್ನ ಅವ್ವ ಬಾಗಿಲಿಗೆ ಒರಗಿ ತೂಕಡಿಸುತ್ತಿದ್ದಳು, ಮುಷ್ಟಿಯಲ್ಲಿ ಅದೇ ಬೀಗದ ಕೈ. ಅದನ್ನು ಮೆಲ್ಲಗೆ ತೆಗೆದು ನೆಲದ ಮೇಲಿಟ್ಟು, ಅವಳ ಮುಷ್ಟಿಯೊಳಗೆ ನನ್ನ ಕೈ ಇಟ್ಟೆ. ಬೆಚ್ಚಿ ಕಣ್ಣುಬಿಟ್ಟಳು.

“ಬಂತೇನೇ?”

“ಇಲ್ಲವ್ವ, ಏನೂ ಬಂದಿಲ್ಲ. ಸುಮ್ಕೆ ಹಿಡ್ಕೊ.”

ಗಟ್ಟಿಯಾಗಿ ಹಿಡಿದುಕೊಂಡಳು. ಅವಳ ಇನ್ನೊಂದು ಕೈ ನೆಲದ ಮೇಲೆ ಬೀಗದ ಕೈಗಾಗಿ ತಡಕಾಡುತ್ತಲೇ ಇತ್ತು.